600 ಕಿ.ಮೀ. ಬಿಆರ್‌ಎಂ: ವೇಗ ಹೆಚ್ಚಿಸಿಕೊಳ್ಳೋದು ಹೇಗೆ?

ಪ್ರಶ್ನೆ: ನಮಸ್ತೆ ಮೇಡಂ. ನನಗೆ 43 ವರ್ಷ, ಊರು ಬೆಂಗಳೂರು. ಈ ಸೀಸನ್‌ನಲ್ಲಿ 200, 300, 400 ಕಿ.ಮೀ. ಬಿಆರ್‌ಎಂ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಿದ್ದೇನೆ. 600 ಕೂಡ ಆದರೆ ಎಸ್‌ಆರ್, ಅಂದರೆ ಸೂಪರ್ ರಾಂಡೊನರ್ ಅನ್ನೋ ಬಿರುದು. ಆದರೆ 400ಕ್ಕೆ ಇದ್ದ 27 ಗಂಟೆಯಲ್ಲಿ 26 ಗಂಟೆ ಹಿಡಿಯಿತು. ತುಳಿಯುವಾಗಿನ ಸರಾಸರಿ ವೇಗ 22. ವಾರದಲ್ಲಿ ಬೆಳಗ್ಗೆ ಒಂದೊಂದು ಗಂಟೆ, ಭಾನುವಾರ ಗೆಳೆಯರ ಜೊತೆ ನಂದಿಬೆಟ್ಟಕ್ಕೆ ಜೋರು ರೈಡ್. ಸರಾಸರಿ 25 ಮಾಡೋಕೆ ಏನು ಮಾಡಲಿ? ಕಾರ್ಬನ್ ಸೈಕಲ್ ತಗೊಳ್ಳಲಾ?

ಉತ್ತರ: ಸೈಕಲ್ ಸದ್ಯಕ್ಕೆ ಬಿಡಿ ಸರ್. ನಿಮ್ಮದೇ ಲೆಕ್ಕ ನೋಡಿ. 22ರ ವೇಗದಲ್ಲಿ 400 ಕಿ.ಮೀ. ತುಳಿಯಲು 18 ಗಂಟೆ ಚಿಲ್ಲರೆ ಸಾಕು. ಮಿಕ್ಕ ಎಂಟು ಗಂಟೆ ಹತ್ತಿರ ಸೈಕಲ್ ನಿಂತೇ ಇತ್ತು! ವೇಗ 23 ಆಗಿದ್ದರೆ ಉಳಿಯುತ್ತಿದ್ದದ್ದು 47 ನಿಮಿಷ. ಅದಕ್ಕೆ ತಿಂಗಳುಗಟ್ಟಲೆ ಬೆವರು ಸುರಿಸಬೇಕು. ನಿಲ್ಲುವ ಹೊತ್ತನ್ನು ಐದು ಗಂಟೆಗೆ ಇಳಿಸಿದರೆ ಮುಂದಿನ ಸಲವೇ ಮೂರು ಗಂಟೆ ಉಳಿಯುತ್ತದೆ.

ಕಂಟ್ರೋಲ್‌ನಲ್ಲಿ (ದಾರಿಯ ತಪಾಸಣಾ ಕೇಂದ್ರ) ಮೊದಲು ಬ್ರೆವೆ ಕಾರ್ಡ್‌ಗೆ, ಅಂದರೆ ಸವಾರಿಯ ದಾಖಲೆ ಚೀಟಿಗೆ ಸೀಲ್, ಆಮೇಲೆ ಬಾಟಲಿಗೆ ನೀರು, ಹೊರಡಿ. ಹೋಟೆಲಲ್ಲಿ ಮಸಾಲೆ ದೋಸೆ ಹೇಳಿ ಕಾಯಬೇಡಿ. ಇಡ್ಲಿ ರೆಡಿ ಇರುತ್ತೆ ಅಲ್ವಾ? ಫೋಟೊ, ವಾಟ್ಸಾಪ್ ಎಲ್ಲ ಮನೆಗೆ ಹೋದ ಮೇಲೆ.

ಇನ್ನು ತಯಾರಿ. ನಿಮ್ಮ ರೈಡ್‌ಗಳೆಲ್ಲ ಅರೆಬರೆ ಜೋರು ಅನ್ನಿಸುತ್ತದೆ. ವಾರಕ್ಕೆ ಎರಡೇ ದಿನ ಕಷ್ಟದ ಅಭ್ಯಾಸ ಮಾಡಿ. ಕಾಲು ಗಂಟೆ ಮೈ ಬಿಸಿ ಮಾಡಿಕೊಂಡು, ಮೂರ್ನಾಲ್ಕು ಪದಕ್ಕಿಂತ ಜಾಸ್ತಿ ಮಾತಾಡಲಾಗದಷ್ಟು ಜೋರಾಗಿ 8 ನಿಮಿಷ, ನಂತರ 4 ನಿಮಿಷ ನಿಧಾನ. ಹೀಗೆ ಮೂರು ಸಲ. ಬೇರೆ ದಿನ ಆರಾಮಾಗಿ ಹರಟುತ್ತಾ ತುಳಿಯಿರಿ, ಒಂದು ದಿನ ಪೂರ್ತಿ ರಜೆ. ಭಾನುವಾರ ಉದ್ದದ ರೈಡ್, ವಾರವಾರಕ್ಕೂ ಅರ್ಧ ಗಂಟೆ ಹೆಚ್ಚಿಸಿ, ನಾಲ್ಕನೇ ವಾರ ಇಳಿಸಿ. ನಂದಿ ತಿಂಗಳಿಗೊಮ್ಮೆ ಸಾಕು. ಗೆಳೆಯರು ಬೈದುಕೊಳ್ಳಲಿ ಬಿಡಿ.

ಪ್ರಶ್ನೆ (ಇನ್ನೊಬ್ಬರು): ಮೇಡಂ, ನನಗೆ 250 ದಾಟಿದರೆ ಊಟ ಸೇರಲ್ಲ, ವಾಕರಿಕೆ. ಅಲ್ಲಿಂದ ವೇಗ ಬಿದ್ದೇ ಹೋಗುತ್ತದೆ.

ಉತ್ತರ: ಮೊದಲ 100 ಕಿ.ಮೀ. ಜೋರಾಗಿ ಹೋಗ್ತೀರಾ? ಮೈ ಜೋರಾಗಿ ದುಡಿಯುವಾಗ ರಕ್ತ ಕಾಲಿನ ಕಡೆ ಹೋಗುತ್ತದೆ, ಹೊಟ್ಟೆಗೆ ಪಾಲು ಕಡಿಮೆ. ಬಿಸಿಲಿದ್ದರೆ ಇನ್ನೂ ಕಷ್ಟ. ಶುರುವಿನಲ್ಲಿ ತಡೆದು ತುಳಿಯಿರಿ. ಹಸಿವಾಗುವವರೆಗೆ ಕಾಯದೆ ಮೊದಲ ಗಂಟೆಯಿಂದಲೇ ಸ್ವಲ್ಪ ಸ್ವಲ್ಪ ತಿನ್ನಿ. ಗಂಟೆಗೆ 60 ಗ್ರಾಂ ಕಾರ್ಬೊಹೈಡ್ರೇಟ್ ಗುರಿ ಇರಲಿ. ಒಂದು ಬಾಳೆಹಣ್ಣಲ್ಲಿ 25 ಗ್ರಾಂ ಆಸುಪಾಸು, ಮಿಕ್ಕಿದ್ದು ಚಿಕ್ಕಿ, ಖರ್ಜೂರ. ಭಾನುವಾರದ ರೈಡ್‌ನಲ್ಲೇ ಹೊಟ್ಟೆಗೂ ಅಭ್ಯಾಸ ಮಾಡಿಸಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ, ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ. ನೋವಿನ ಮಾತ್ರೆ ನುಂಗಿ ತುಳಿಯಬೇಡಿ, ಮೈಯಲ್ಲಿ ನೀರು ಕಡಿಮೆ ಇದ್ದಾಗ ಅದು ಕಿಡ್ನಿಗೆ ಕೆಟ್ಟದ್ದು.

ಪ್ರಶ್ನೆ (ಮೊದಲು ಕೇಳಿದವರು): ಎದುರುಗಾಳಿ ಬಂದರೆ? ಮತ್ತೆ ನಿದ್ದೆ ಎಲ್ಲಿ ಮಾಡಲಿ?

ಉತ್ತರ: ಗಾಳಿ ಜೊತೆ ಜಗಳ ಬೇಡ ಸರ್. ಸಮತಟ್ಟು ರಸ್ತೆಯಲ್ಲಿ ವೇಗ ಹತ್ತು ಪರ್ಸೆಂಟ್ ಏರಿಸಬೇಕಾದರೆ, ಗಾಳಿಯನ್ನು ತಳ್ಳಲಿಕ್ಕೇ ಮೂರನೇ ಒಂದರಷ್ಟು ಹೆಚ್ಚು ಶಕ್ತಿ ಬೇಕು. ಮೊಣಕೈ ಮಡಿಸಿ ಬಗ್ಗಿ, ಜೊತೆ ಸವಾರರ ಹಿಂದೆ ಸರದಿಯಲ್ಲಿ ಹೋಗಿ. ವೇಗ 17ಕ್ಕೆ ಬಿದ್ದರೂ ಬೀಳಲಿ.

ನಿದ್ದೆಗೆ ಹೀಗೆ ಲೆಕ್ಕ ಹಾಕಿ. ಶನಿವಾರ ಬೆಳಗ್ಗೆ 6ಕ್ಕೆ ಹೊರಟು, ನಿಲ್ಲೋದೆಲ್ಲ ಸೇರಿ ರಾತ್ರಿ 1ಕ್ಕೆ 350 ಕಿ.ಮೀ. ಆಗುತ್ತದೆ. ಅಲ್ಲೊಂದು ಲಾಡ್ಜ್ ಮೊದಲೇ ಹೇಳಿಡಿ. ಮೂರೂವರೆ ಗಂಟೆ ಮಲಗಿ. ಮರುದಿನ 20ರ ವೇಗದಲ್ಲೇ ತುಳಿದು, ಮೂರು ಗಂಟೆ ನಿಂತರೂ ರಾತ್ರಿ 8ಕ್ಕೆ ಮುಗಿಯುತ್ತದೆ. 600ಕ್ಕೆ ಇರುವ 40 ಗಂಟೆಯ ಗಡುವು ಮುಗಿಯೋದು 10ಕ್ಕೆ. ಆ ಎರಡು ಗಂಟೆ ಪಂಕ್ಚರ್‌ಗೆ ಮೀಸಲು. ನಡುವೆ ಕಣ್ಣು ಎಳೆದರೆ ತುಳಿಯಲೇಬೇಡಿ, ಬಸ್ ಸ್ಟಾಪಲ್ಲಿ 20 ನಿಮಿಷ ಒರಗಿ. ಎರಡು ಅಲಾರಂ ಇಟ್ಟುಕೊಳ್ಳಿ.