ಮಾವಿನ ಎಳೆ ಎಲೆ ಕತ್ತರಿ ಹಾಕಿದ ಹಾಗೆ ತುಂಡಾಗಿ ಬೀಳ್ತಿದೆ, ಏನು ಮಾಡಲಿ?

ಚನ್ನಪಟ್ಟಣ ಬೆಳೆಗಾರ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಬಾದಾಮಿ ಕಸಿ ಗಿಡಗಳು. ಮಳೆ ಬಿದ್ದ ಮೇಲೆ ಚಿಗುರು ಚೆನ್ನಾಗಿ ಬಂತು. ಈಗ ಬೆಳಿಗ್ಗೆ ಹೋದರೆ ಪಾತಿ ತುಂಬ ಎಳೆ ಎಲೆ. ಗಿಡದಲ್ಲಿ ತೊಟ್ಟಿನ ಹತ್ತಿರದ ಚೂರು ಮಾತ್ರ ಉಳಿದಿದೆ, ಅಂಚು ನೇರವಾಗಿದೆ. ಅಂಗಡಿಯವರು ಕೊಟ್ಟ ಔಷಧಿ ಹೊಡೆದರೂ ನಿಂತಿಲ್ಲ. ಅಳಿಲಾ?

ಕಸಿಮನೆ, ಶ್ರೀನಿವಾಸಪುರ:
ಅಳಿಲಲ್ಲ ಸರ್. ಎಲೆ ಕತ್ತರಿಸುವ ಜೇನ್ನೊಣವೂ ಅಲ್ಲ, ಅದು ದುಂಡಗೆ ಕತ್ತರಿಸಿ ತುಂಡನ್ನು ಹೊತ್ತುಕೊಂಡು ಹೋಗುತ್ತೆ. ಇದು ಎಲೆ ಕತ್ತರಿಸುವ ಮೂತಿ ಹುಳು, ಡೆಪೋರಾಸ್ ಮಾರ್ಜಿನೇಟಸ್. ಅರ್ಧ ಸೆಂಟಿಮೀಟರ್ ಉದ್ದ ಇರುತ್ತೆ ಅಷ್ಟೆ. ತಲೆ ಕೆಂಪು, ರೆಕ್ಕೆ ಮಾಸಲು ಹಳದಿ, ಅಂಚು ಕಪ್ಪು.

ಬಿದ್ದ ಎಲೆಯೊಂದನ್ನು ತಗೊಂಡು ಬೆಳಕಿಗೆ ಹಿಡಿದು ನಡುನರದ ಅಕ್ಕಪಕ್ಕ ನೋಡಿ. ಸಣ್ಣ ಸಣ್ಣ ಗೀರು ಕಂಡರೆ ಅಲ್ಲೇ ಮೊಟ್ಟೆ ಇದೆ. ಹೆಣ್ಣು ಹುಳು ಎಳೆ ಎಲೆಯಲ್ಲಿ ಮೊಟ್ಟೆ ಇಟ್ಟು, ಆಮೇಲೆ ಎಲೆಯನ್ನು ಅಡ್ಡಕ್ಕೆ ಕತ್ತರಿಸಿ ಕೆಡವುತ್ತೆ. ಮರಿ ಬೆಳೆಯೋದು ಬಿದ್ದ ಎಲೆಯ ಒಳಗೆ, ಆಮೇಲೆ ಮಣ್ಣಿಗಿಳಿದು ಕೋಶವಾಗುತ್ತೆ. ಮರಕ್ಕೆ ಹೊಡೆದ ಔಷಧಿ ಈ ಮರಿಗಳಿಗೆ ತಾಗೋದೇ ಇಲ್ಲ. ಹಾಗಾಗಿ ಔಷಧಿಗಿಂತ ಮೊದಲು ಪಾತಿ ಗುಡಿಸಿ, ಅದೇ ಇದಕ್ಕೆ ದೊಡ್ಡ ಮದ್ದು. ದಿನ ಬಿಟ್ಟು ದಿನವಾದರೂ ಎಲೆ ಆರಿಸಿ ಸುಟ್ಟುಬಿಡಿ. ವಾರ, ಹತ್ತು ದಿನ ಬಿಟ್ಟರೆ ಮರಿಗಳು ಆಗಲೇ ಮಣ್ಣು ಸೇರಿರುತ್ತವೆ.

ಚನ್ನಪಟ್ಟಣ ಬೆಳೆಗಾರ:
ಗೀರು ಇದೆ ಸರ್! ಒಣಗಿದ ಒಂದೆಲೆ ಸೀಳಿದೆ, ಎರಡು ಪದರದ ಮಧ್ಯೆ ಪುಟ್ಟ ಹಳದಿ ಮರಿ ಸಿಕ್ಕಿತು. ಗುಡಿಸಿದ್ದನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕ್ತಿದ್ವಿ.

ಕಸಿಮನೆ, ಶ್ರೀನಿವಾಸಪುರ:
ಗುಂಡಿಗೆ ಬೇಡ, ಅಲ್ಲೂ ಬೆಳೆದುಬಿಡುತ್ತವೆ. ಸುಡೋಕೆ ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡಿ. ಪಾತಿ ಮಣ್ಣನ್ನು ಬೇರಿಗೆ ಪೆಟ್ಟಾಗದ ಹಾಗೆ ಮೇಲೆ ಮೇಲೆ ಕೆದಕಿ, ಕೋಶಗಳು ಬಿಸಿಲಿಗೆ ಬೀಳಲಿ.

ಹಳೇ ತೋಟ:
ನಮ್ಮಲ್ಲಿ ದೊಡ್ಡ ಮರಗಳಿಗೂ ಬಂದಿದೆ. ಚಿಂತೆ ಮಾಡಬೇಕಾ?

ಕಸಿಮನೆ, ಶ್ರೀನಿವಾಸಪುರ:
ದೊಡ್ಡ ಮರ ತಡ್ಕೊಳ್ಳುತ್ತೆ, ಎಲೆ ಗುಡಿಸಿದರೆ ಸಾಕು. ಎಳೆ ಕಸಿ ಗಿಡಕ್ಕೆ ಚಿಗುರೇ ಜೀವ, ಅದು ಹೋದರೆ ಬೆಳವಣಿಗೆ ನಿಂತುಬಿಡುತ್ತೆ. ಚನ್ನಪಟ್ಟಣದವರೇ, ಮುಂದಿನ ಚಿಗುರು ಒಡೆಯುವಾಗಲೇ ನಿಗಾ ಇಡಿ. ಎಲೆ ಬಲಿತು ಗಡುಸಾದ ಮೇಲೆ ಹುಳು ಅದನ್ನು ಮುಟ್ಟಲ್ಲ. ಔಷಧಿ ಬೇಕೇ ಬೇಕು ಅನಿಸಿದರೆ ಕತ್ತರಿಸಿದ ಎಲೆ ಸಮೇತ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಮಾವಿಗೆ ಅನುಮತಿ ಇರೋದನ್ನೇ ಕೇಳಿ ಬರೆಸಿಕೊಳ್ಳಿ.