ಕಂಪ್ಯೂಟರ್ ಹಾಕುವ ಮಾರ್ಕ್ಸ್ ನಂಬಬಹುದಾ? ಲೆಕ್ಚರರ್ ಉತ್ತರಿಸುತ್ತಾರೆ

(ತುಮಕೂರು ಜಿಲ್ಲೆ ಪೋಷಕರ ಗುಂಪು. ಉತ್ತರಿಸುವವರು ಸಂಖ್ಯಾಶಾಸ್ತ್ರದ ಲೆಕ್ಚರರ್.)

ಗುಬ್ಬಿ ಪೋಷಕರು: ಸರ್, ಪಿಯುಸಿ ಬೋರ್ಡ್ ಪೇಪರ್ ಕಂಪ್ಯೂಟರ್ ತಿದ್ದುತ್ತಾ?

ಲೆಕ್ಚರರ್: ಇಲ್ಲ, ಲೆಕ್ಚರರ್‌ಗಳೇ ತಿದ್ದುತ್ತಾರೆ. ಅನುಮಾನ ಇದ್ದರೆ ಉತ್ತರಪತ್ರಿಕೆಯ ಪ್ರತಿ ತರಿಸಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕಿ.

ಪಾವಗಡ ಪೋಷಕರು: ನಮಸ್ಕಾರ ಸರ್. ಮಗಳು ಊರಿನ ಸರ್ಕಾರಿ ಹೈಸ್ಕೂಲಲ್ಲಿ ಓದಿ ಈಗ ಖಾಸಗಿ ಕಾಲೇಜು ಸೇರಿದ್ದಾಳೆ. ಟೆಸ್ಟುಗಳಲ್ಲಿ ಚೆನ್ನಾಗೇ ಮಾಡಿದ್ದಾಳೆ. ಆದರೂ ಸಾಫ್ಟ್‌ವೇರ್ ಅಂದಾಜು ಮಾರ್ಕ್ಸ್ ಕಡಿಮೆ ತೋರಿಸಿತು ಅಂತ ಕೊನೇ ಸೆಕ್ಷನ್‌ಗೆ ಹಾಕಿದ್ದಾರೆ. ಅವಳ ಹಳೇ ಸ್ಕೂಲಿನ ರಿಸಲ್ಟೂ ಲೆಕ್ಕಕ್ಕೆ ಬರುತ್ತಂತೆ.

ಲೆಕ್ಚರರ್: ಇದು ನನಗೆ ತುಂಬಾ ಕಳವಳ ತಂದಿದೆ. 2020ರಲ್ಲಿ ಇಂಗ್ಲೆಂಡಿನಲ್ಲೂ ಇಂಥದ್ದೇ ಆಯಿತು. ಕೊರೊನಾ ಅಂತ ಎ-ಲೆವೆಲ್ ಪರೀಕ್ಷೆ ನಡೆಯಲಿಲ್ಲ, ಅದು ನಮ್ಮ ಪಿಯುಸಿ ಥರ. ಟೀಚರುಗಳು ಗ್ರೇಡ್ ಅಂದಾಜು ಮಾಡಿ, ಮಕ್ಕಳನ್ನು ರ‍್ಯಾಂಕ್ ಪ್ರಕಾರ ಸಾಲಾಗಿ ಬರೆದು ಕಳಿಸಿದರು. ಆಫ್‌ಕ್ವಾಲ್ ಅನ್ನುವ ನಿಯಂತ್ರಣ ಸಂಸ್ಥೆಯ ಫಾರ್ಮುಲಾ ಆ ಶಾಲೆಯ ಹಿಂದಿನ ವರ್ಷಗಳ ರಿಸಲ್ಟ್ ನೋಡಿ ಗ್ರೇಡ್ ಹಂಚಿತು. ಹಿಂದೆ ಯಾರಿಗೂ ಟಾಪ್ ಗ್ರೇಡ್ ಬಾರದ ಶಾಲೆಯಲ್ಲಿ ಈ ವರ್ಷ ಎಷ್ಟೇ ಜಾಣೆ ಇದ್ದರೂ ಅದು ಸಿಗುವುದು ಕಷ್ಟ, ಅಲ್ವಾ? ಟೀಚರುಗಳ ಅಂದಾಜಿನಲ್ಲಿ ಸುಮಾರು 40% ಇಳಿದವು. ಒಂದು ವಿಷಯಕ್ಕೆ 5 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿದ್ದರೆ ಟೀಚರ್ ಕೊಟ್ಟದ್ದೇ ಉಳಿಯಿತು. ಅಂಥ ಸಣ್ಣ ತರಗತಿಗಳು ಖಾಸಗಿ ಶಾಲೆಗಳಲ್ಲೇ ಜಾಸ್ತಿ. ಆಗಸ್ಟ್ 13ಕ್ಕೆ ರಿಸಲ್ಟ್ ಬಂತು, ಮಕ್ಕಳು ಬೀದಿಗಿಳಿದರು, 17ಕ್ಕೆ ಫಾರ್ಮುಲಾ ಕೈಬಿಟ್ಟರು. ನಿಮ್ಮ ಮಗಳ ಲೆಕ್ಕಕ್ಕೆ ಏನೇನು ಸೇರಿಸಿದ್ದಾರೆ, ಹಳೇ ಸ್ಕೂಲಿಗೆ ಎಷ್ಟು ತೂಕ ಕೊಟ್ಟಿದ್ದಾರೆ ಅಂತ ಬರವಣಿಗೆಯಲ್ಲಿ ಕೇಳಿ. ಅವಳ ಟೆಸ್ಟ್ ಪೇಪರುಗಳನ್ನು ಒಬ್ಬ ಲೆಕ್ಚರರ್ ಕೂತು ನೋಡಲಿ.

ತಿಪಟೂರು ಪೋಷಕರು: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಕಳಿಸಿ: "ಪ್ರಬಂಧದಲ್ಲಿ ದೊಡ್ಡ ಪದ, ಉದ್ದ ವಾಕ್ಯ ತುಂಬಿದರೆ ಎಐ ಫುಲ್ ಮಾರ್ಕ್ಸ್ ಕೊಡುತ್ತೆ".

ಲೆಕ್ಚರರ್: ದಯವಿಟ್ಟು ಇದನ್ನು ಹರಡಬೇಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲೆಸ್ ಪೆರೆಲ್‌ಮನ್ ಅರ್ಥವೇ ಇಲ್ಲದ ಪ್ರಬಂಧಗಳಿಗೆ ಯಂತ್ರದಿಂದ ಒಳ್ಳೇ ಅಂಕ ಬರಿಸಿ ತೋರಿಸಿದ್ದು ಯಂತ್ರದ ದೋಷ ಬಯಲು ಮಾಡಲು. ಮಕ್ಕಳಿಗೆ ಇದನ್ನೇ ಕಲಿಸಿದರೆ ಬೋರ್ಡ್ ಪರೀಕ್ಷೆಯಲ್ಲಿ ಓದುವವರು ಮನುಷ್ಯರು, ಮಾರ್ಕ್ಸ್ ಹೋಗುತ್ತೆ.

ಮಧುಗಿರಿ ಪೋಷಕರು: ಸರ್, ಮಗ ತಾನೇ ಬರೆದ ಅಸೈನ್‌ಮೆಂಟನ್ನು ಎಐ ಬರೆದದ್ದು ಅಂತ ವಾಪಸ್ ಕೊಟ್ಟಿದ್ದಾರೆ. ಏನು ಮಾಡಲಿ?

ಕುಣಿಗಲ್ ಪೋಷಕರು: ಮೇಷ್ಟ್ರುಗಳು ಮುಖ ನೋಡಿ ಮಾರ್ಕ್ಸ್ ಹಾಕಲ್ವಾ? ಕಂಪ್ಯೂಟರೇ ವಾಸಿ.

ಶಿರಾ ಟೀಚರ್: ಎಲ್ಲರನ್ನೂ ಸೇರಿಸಿ ಮಾತಾಡಬೇಡಿ. ನಾನು ತಪ್ಪು ಮಾಡಿದರೆ ನನ್ನನ್ನು ಕೇಳಬಹುದು. ಸಾಫ್ಟ್‌ವೇರನ್ನು ಯಾರು ಕೇಳ್ತಾರೆ?

ಕುಣಿಗಲ್ ಪೋಷಕರು: ಕೇಳಿದ್ದಕ್ಕೇ ನನ್ನ ಮಗನಿಗೆ ಇಂಟರ್ನಲ್ ಮಾರ್ಕ್ಸ್ ಕಡಿಮೆ ಆಯ್ತು ಮೇಡಂ. ಸುಮ್ನೆ ಹೇಳ್ತಿಲ್ಲ.

ಶಿರಾ ಟೀಚರ್: ಅದನ್ನ ಅಲ್ಲೇ ಕೇಳಿ, ನನ್ನ ಮೇಲೆ ಯಾಕೆ ಕೂಗಾಡ್ತೀರಾ?

ಕೊರಟಗೆರೆ ಪೋಷಕರು: ಬೋರ್ಡ್ ಪೇಪರ್ ಕಂಪ್ಯೂಟರ್ ತಿದ್ದುತ್ತಾ ಸರ್?

ಲೆಕ್ಚರರ್: ಮೇಲೆ ಓದಿ.

ಪಾವಗಡ ಪೋಷಕರು: ಅರ್ಜಿ ಕೊಟ್ಟರೆ ಮಗಳಿಗೆ ತೊಂದರೆ ಆಗುತ್ತಾ ಸರ್?

ಲೆಕ್ಚರರ್: ಒಬ್ಬರೇ ಹೋಗಬೇಡಿ. ಅದೇ ಸೆಕ್ಷನ್ನಿನ ಬೇರೆ ಪೋಷಕರನ್ನೂ ಕರೆದುಕೊಂಡು ಹೋಗಿ. ಅರ್ಜಿ ಬರೆದು ಮೊದಲು ನನಗೆ ಕಳಿಸಿ, ನೋಡಿಕೊಡುತ್ತೇನೆ. ಮಿಕ್ಕವರು ಜಗಳ ಇಲ್ಲಿ ಬೇಡ.