ಹೊಸ ಪಿಕಪ್ ತಗೊಳ್ಳುವುದಾ, ರೀಕಾಲ್ ಸುದ್ದಿ ನೋಡಿ ಸುಮ್ಮನಿರುವುದಾ?

ತೋಟದವ ಬದಿಯಡ್ಕ:
ನಮ್ಮದು ಬದಿಯಡ್ಕ ಹತ್ತಿರ ಅಡಿಕೆ ತೋಟ. ಅಡಿಕೆ, ಗೊಬ್ಬರ, ಹಟ್ಟಿಗೆ ಹಿಂಡಿ ಎಲ್ಲ ಸಾಗಿಸಲಿಕ್ಕೆ ಒಂದು ಪಿಕಪ್ ಬೇಕು. ಆಗಾಗ ಮಂಗಳೂರಿಗೂ ಹೋಗಲಿಕ್ಕುಂಟು. ಹೊಸದಾ, ಎರಡು ಮೂರು ವರ್ಷ ಓಡಿದ್ದಾ ಎಂದು ಇನ್ನೂ ತೀರ್ಮಾನ ಆಗಿಲ್ಲ. ಅಷ್ಟರಲ್ಲಿ ನನ್ನ ತಮ್ಮ ಅಮೆರಿಕದ ಸುದ್ದಿಗಳನ್ನು ಕಳಿಸಿ ತಲೆ ಕೆಡಿಸಿಟ್ಟಿದ್ದಾನೆ. 2024ರಲ್ಲಿ ಟೊಯೊಟಾದವರು ಎಂಜಿನ್ ಒಳಗೆ ಲೋಹದ ಚೂರು ಉಳಿದಿದೆ ಎಂದು ಟಂಡ್ರಾ ಪಿಕಪ್‌ಗಳನ್ನು ವಾಪಸ್ ಕರೆದರು (ರೀಕಾಲ್ ಎಂದರೆ ಇದೇ, ದೋಷ ಸರಿ ಮಾಡಲಿಕ್ಕೆ ಕಂಪೆನಿಯೇ ಕರೆಸುವುದು), ಅವರದೇ ಲೆಕ್ಸಸ್ ಸೇರಿ ಒಂದು ಲಕ್ಷಕ್ಕಿಂತ ಜಾಸ್ತಿ ಗಾಡಿ. ಮರುವರ್ಷ ಜನರಲ್ ಮೋಟಾರ್ಸ್‌ನ 6.2 ಲೀಟರ್ ವಿ8 ಗಾಡಿಗಳ ಸರದಿ, ಅಲ್ಲಿ ಎಂಜಿನ್ ಒಳಗಿನ ಕ್ರ್ಯಾಂಕ್ ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡ್ ತೊಂದರೆ. ಅಷ್ಟು ದುಡ್ಡಿನ ಗಾಡಿಗಳೇ ಹೀಗಾದರೆ ನಮ್ಮ ಗತಿ ಏನು ಮಾರಾಯ್ರೆ? ಇಲ್ಲಿ ರೀಕಾಲ್ ಆದರೆ ನಮಗೆ ಹೇಳುವವರು ಯಾರು? ಶೋರೂಮಿನಲ್ಲಿ ಕೇಳಿದರೆ "ನಮ್ಮ ಗಾಡಿಗೆ ಅದೆಲ್ಲ ಬರುವುದೇ ಇಲ್ಲ ಸರ್" ಎಂದು ಕಾಫಿ ಕೊಟ್ಟು ಕಳಿಸಿದರು.

ಉಪ್ಪಳ ಗ್ಯಾರೇಜ್:
ಕಾಫಿ ಕುಡಿದಿರಲ್ಲ, ಅಷ್ಟು ಸಾಕು, ಮಾತು ಬಿಟ್ಟುಬಿಡಿ. 2021ರಲ್ಲಿ ಮಹೀಂದ್ರಾ 29,878 ಪಿಕಪ್‌ಗಳನ್ನು ಕರೆಸಿತ್ತು. 2020ರ ಜನವರಿಯಿಂದ 2021ರ ಫೆಬ್ರವರಿ ತನಕ ತಯಾರಾದವು, ಒಂದು ಫ್ಲೂಯಿಡ್ ಪೈಪ್ ಸರಿಯಾಗಿ ಜೋಡಿಸಿಲ್ಲ ಎಂಬ ಅನುಮಾನಕ್ಕೆ. ನೋಡಿ, ಬೇಕಿದ್ದರೆ ಬದಲಾಯಿಸಿ, ಫ್ರೀಯಾಗಿ ಕೊಟ್ಟರು. ಇದನ್ನು ಕೇಳಿ ಆ ಗಾಡಿಯೇ ಬೇಡ ಎನ್ನುವವರೂ ಇದ್ದಾರೆ. ನಾನಂತೂ ಆ ಕೆಲಸ ಮಾಡಿಸಿದ ಗಾಡಿಯನ್ನು ಧೈರ್ಯವಾಗಿ ತಗೊಳ್ಳುತ್ತೇನೆ.

ತೊಂದರೆ ಇರುವುದು ಸೆಕೆಂಡ್ ಹ್ಯಾಂಡ್‌ನಲ್ಲಿ. ಕಂಪೆನಿಯ ಮೆಸೇಜು ಮೊದಲು ತಗೊಂಡವನ ಫೋನಿಗೆ ಹೋಗುತ್ತದೆ. ಅವನು ಗಾಡಿ ಮಾರಿ ವರ್ಷ ಆಗಿರುತ್ತದೆ, ನೋಡಿ ಡಿಲೀಟ್ ಮಾಡುತ್ತಾನೆ. ಮಂಗಳೂರಿನ ಕೆಎ 19 ಗಾಡಿ ಮೂರು ಕೈ ದಾಟಿ ಮುಳ್ಳೇರಿಯಕ್ಕೆ ಬಂದು ಕೆಎಲ್ 14 ಆಯಿತು ಅಂದುಕೊಳ್ಳಿ, ರೀಕಾಲ್ ಬಾಕಿ ಇದ್ದದ್ದು ಯಾರಿಗೆ ಗೊತ್ತಾಗುತ್ತದೆ? ಬೋರ್ಡು ಬದಲಾದರೂ ಚಾಸಿಸ್ ನಂಬರ್ ಅದೇ ಇರುತ್ತದೆ. ಕಂಪೆನಿಯ ವೆಬ್‌ಸೈಟಿನಲ್ಲಿ ಅದನ್ನು ಹಾಕಿ ನೋಡಬಹುದು, ಇಲ್ಲವಾದರೆ ಸರ್ವಿಸ್ ಸೆಂಟರಿನವರು ನೋಡಿ ಹೇಳುತ್ತಾರೆ.

ಆರ್‌ಸಿಯಲ್ಲಿ ಇದೆ ಎಂದು ಅಲ್ಲಿಗೇ ಬಿಡಬೇಡಿ. ಗಾಡಿಯ ಮೇಲಿನ ನಂಬರನ್ನೂ ಹೋಲಿಸಿ ನೋಡಿ. ಮಳೆಗಾಲದಲ್ಲಿ ನಮ್ಮಲ್ಲಿಗೆ ಒಂದು ಪಿಕಪ್ ಬಂದಿತ್ತು, ಮುಂದಿನ ಚಕ್ರದ ಹತ್ತಿರ ಚಾಸಿಸ್ ರೈಲಿನ ಮೇಲೆ ಕೆಂಪು ಮಣ್ಣು ಗಟ್ಟಿಯಾಗಿ ಕೂತು ನಂಬರ್ ಉಂಟೋ ಇಲ್ಲವೋ ಎಂದೇ ಕಾಣುತ್ತಿರಲಿಲ್ಲ. ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಬ್ರಶ್ ಹಾಕಿ ಉಜ್ಜಿದ ಮೇಲೆ ಒಂದೊಂದೇ ಅಕ್ಷರ ಎದ್ದು ಬಂತು. ಒಟ್ಟು 17 ಇರಬೇಕು. ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರ ಬಳಸುವುದಿಲ್ಲ, ಆದ್ದರಿಂದ ಓ ಅಕ್ಷರವಾ ಸೊನ್ನೆಯಾ ಎಂಬ ಸಂಶಯ ಬಂದರೆ ಸೊನ್ನೆಯೇ. ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ರೀಕಾಲ್ ಕೆಲಸ ಬಾಕಿ! ಮಾಲೀಕರಿಗೆ ಸುದ್ದಿಯೇ ಇರಲಿಲ್ಲ.

ಕುಂಬಳೆ ಕಡಲು:
ಕಾನೂನಿನ ವಿಷಯ ಸ್ವಲ್ಪ ಹೇಳುತ್ತೇನೆ. 2012ರಿಂದ ಇಲ್ಲಿ ಕಂಪೆನಿಗಳು ತಾವಾಗಿಯೇ ರೀಕಾಲ್ ಮಾಡುವ ಪದ್ಧತಿ ಇತ್ತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಸರ್ಕಾರವೇ ಆದೇಶ ಕೊಡುವ ಅಧಿಕಾರ ಬಂತು, ನಿಯಮ ಜಾರಿಯಾದದ್ದು 2021ರ ಏಪ್ರಿಲ್ 1ರಿಂದ. ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ, ಕಂಪೆನಿಗೆ ಒಂದು ಕೋಟಿ ರೂಪಾಯಿವರೆಗೂ ದಂಡ ಬೀಳಬಹುದು.

ಏರ್‌ಬ್ಯಾಗ್ ರೀಕಾಲ್ ಮಾತ್ರ ನಮ್ಮ ಕರಾವಳಿಯವರು ನಾಳೆ ನೋಡೋಣ ಎಂದು ಮುಂದೂಡಬಾರದು. ಟಕಾಟ ಎಂಬ ಜಪಾನಿನ ಕಂಪೆನಿಯ ಏರ್‌ಬ್ಯಾಗಿನಲ್ಲಿ ಚೀಲ ಉಬ್ಬಿಸಲಿಕ್ಕೆ ಇದ್ದದ್ದು ಅಮೋನಿಯಂ ನೈಟ್ರೇಟ್. ಸೆಕೆ ಮತ್ತು ಪಸೆಗೆ ಅದು ವರ್ಷಗಟ್ಟಲೆ ಕೆಡುತ್ತಾ ಹೋಗಿ, ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚುವಾಗ ಲೋಹದ ಡಬ್ಬಿಯೇ ಒಡೆದು ಚೂರು ಮುಖಕ್ಕೆ ಹಾರುತ್ತಿತ್ತು. ಫೋರ್ಡ್ ರೇಂಜರ್ ಪಿಕಪ್‌ನಲ್ಲೂ ಜೀವ ಹೋಗಿದೆ. 2018ರಲ್ಲಿ ಕೆಲವು 2006ರ ರೇಂಜರ್‌ಗಳನ್ನು ಓಡಿಸಲೇಬೇಡಿ ಎಂದು ಕಂಪೆನಿಯೇ ಹೇಳಿತು. ಅಮೆರಿಕದಲ್ಲಿ ಸೆಕೆ, ತೇವ ಜಾಸ್ತಿ ಇರುವ ರಾಜ್ಯಗಳ ಗಾಡಿಗಳಿಗೆ ಮೊದಲ ಸರದಿ ಕೊಟ್ಟಿದ್ದರು. ಕುಂಬಳೆಯ ಹವೆ ಅದಕ್ಕಿಂತ ಒಳ್ಳೆಯದಾ?

ಪೆರ್ಲ ಘಾಟಿ:
ಎಲ್ಲರೂ ರೀಕಾಲ್ ಹಿಂದೆ ಬಿದ್ದಿದ್ದೀರಿ. ತೋಟದ ಗಾಡಿ ನಿಂತು ಹೋಗುವುದು ಜಾಸ್ತಿ ಬೇರೆ ಕಾರಣಕ್ಕೆ, ಅದಕ್ಕೆ ಯಾರೂ ರೀಕಾಲ್ ಮಾಡುವುದಿಲ್ಲ. ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ ಎಂಬ ಹೊಗೆಯ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂತ ಮಸಿ ಸುಟ್ಟು ಹೋಗಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ದೂರ ಒಂದೇ ಸಮನೆ ಓಡಬೇಕು. ಮನೆಯಿಂದ ತೋಟ, ತೋಟದಿಂದ ಸೊಸೈಟಿ, ಅಷ್ಟೇ ಓಡಿಸಿದರೆ ಮಸಿ ತುಂಬಿ ಲೈಟ್ ಬರುತ್ತದೆ, ಪವರ್ ಇಳಿಯುತ್ತದೆ. ನೀವು ಮಂಗಳೂರಿಗೆ ಹೋಗುವವರು, ಹೈವೇಯಲ್ಲಿ ಅದು ತಾನಾಗಿ ಕ್ಲೀನ್ ಆಗುತ್ತದೆ. ಲೈಟ್ ಉರಿಯುವಾಗ ಮಧ್ಯದಲ್ಲಿ ಎಂಜಿನ್ ಆಫ್ ಮಾಡಬೇಡಿ ಅಷ್ಟೇ.

ಇನ್ನೊಂದು, ಪೇಪರಿನಲ್ಲಿ ಬಂದದ್ದೆಲ್ಲ ರೀಕಾಲ್ ಅಲ್ಲ. 2024ರ ಜನವರಿಯಲ್ಲಿ ಟೊಯೊಟಾದವರು ಹೈಲಕ್ಸ್ ಪಿಕಪ್ ಶೋರೂಮಿಗೆ ಕಳಿಸುವುದನ್ನು ಸ್ವಲ್ಪ ದಿನ ನಿಲ್ಲಿಸಿದ್ದು ಡೀಸೆಲ್ ಎಂಜಿನ್ನಿನ ಪವರ್ ಪರೀಕ್ಷೆಯ ಲೆಕ್ಕದಲ್ಲಿ ಗೋಲ್‌ಮಾಲ್ ಆಗಿದ್ದಕ್ಕೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅದು "ಹೈಲಕ್ಸ್ ಎಂಜಿನ್ ಫೇಲ್" ಆಗಿತ್ತು.

ತೋಟದವ ಬದಿಯಡ್ಕ:
ಉಪಕಾರ ಆಯಿತು. ಒಂದು ಸಂಶಯ. ಎರಡನೇ ಮಾಲೀಕನಿಗೂ ಫ್ರೀ ಮಾಡಿಕೊಡುತ್ತಾರಾ? ಕೇರಳ ರಿಜಿಸ್ಟ್ರೇಶನ್ ಎಂದು ಮಂಗಳೂರಿನಲ್ಲಿ ಹಿಂದೆ ಕಳಿಸಿದರೆ?

ಉಪ್ಪಳ ಗ್ಯಾರೇಜ್:
ರೀಕಾಲ್ ಗಾಡಿಗೆ, ಮಾಲೀಕನಿಗಲ್ಲ. ಕೆಎಲ್ ಆದರೂ ಕೆಎ ಆದರೂ ಮಾಡಿಕೊಡಬೇಕು. ಆರ್‌ಸಿ ಕಾಪಿ ತಗೊಂಡು ಹೋಗಿ, ಪಾರ್ಟ್ ಸ್ಟಾಕ್ ಇದೆಯಾ ಎಂದು ಮೊದಲೇ ಫೋನ್ ಮಾಡಿ, ಇಲ್ಲದಿದ್ದರೆ ತಲಪಾಡಿ ಟೋಲ್ ಸುಮ್ನೆ ದಂಡ. ಕೆಲಸ ಆದ ಮೇಲೆ ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ರೀಕಾಲ್ ಕೆಲಸ ಎಂದೇ ಬರೆಸಿಕೊಳ್ಳಿ. ಬರೀ "ಜನರಲ್ ಚೆಕಪ್" ಎಂದು ಬರೆದು ಕೊಟ್ಟರೆ ಅಲ್ಲಿಂದ ಏಳಬೇಡಿ.